ಮೊಸರು ಬಿಡಿಸಿದ್ದು ಯಾಕೆ?

ತಿಪಟೂರಿನ ಓದುಗರೊಬ್ಬರ ಪತ್ರ: ‘ಹನ್ನೊಂದು ವರ್ಷದ ಮಗಳ ಮಂಡಿ ಮತ್ತು ಕಣ್ಣಂಚಿನಲ್ಲಿ ಬಿಳಿ ಮಚ್ಚೆ ಬಂದು ಎಂಟು ತಿಂಗಳಾಯಿತು. ಹಾಲು, ಮೊಸರು, ನಿಂಬೆ, ಮೊಟ್ಟೆ ಎಲ್ಲ ನಿಲ್ಲಿಸಿದ್ದೇವೆ. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸಿದರೆ ಮಂಡಿಯಲ್ಲಿ ಬೊಬ್ಬೆ ಎದ್ದಿತು. ಚರ್ಮದ ಡಾಕ್ಟರು ಲೈಟ್ ಕೊಡಿಸಿ ಅನ್ನುತ್ತಾರೆ. ನಮ್ಮ ಮೂಲಿಕೆಗಳೆಂದರೆ ನಿಮ್ಮ ಪತ್ರಿಕೆಗೆ ಯಾಕಿಷ್ಟು ತಾತ್ಸಾರ?’

ತಾತ್ಸಾರವಿಲ್ಲ ಸ್ವಾಮಿ. ಇರುಳಲ್ಲಿ ಹುಟ್ಟಿದ ಕಪ್ಪು ಮೂಲಿಕೆಯೇ, ಈ ಬಿಳುಪಿಗೆ ಬಣ್ಣ ಕೊಡು ಎಂಬ ಪ್ರಾರ್ಥನೆ ಅಥರ್ವವೇದದಲ್ಲೇ ಇದೆ. ಬಾವಂಚಿ ಬೀಜದಲ್ಲಿ ಸೊರಾಲೆನ್ ಎಂಬ, ಚರ್ಮಕ್ಕೆ ಬಿಸಿಲು ಹೆಚ್ಚು ತಾಗುವಂತೆ ಮಾಡುವ ಸತ್ವ ಇರುವುದೂ ನಿಜ. ಅದೇ ಬಳಗದ ಸತ್ವವನ್ನು ಈಜಿಪ್ಟಿನ ಗಿಡವೊಂದರಿಂದ ತೆಗೆದು ಕೈರೋದ ವೈದ್ಯ ಎಲ್ ಮೊಫ್ತಿ 1948ರಲ್ಲಿ ತೊನ್ನಿಗೆ, ಅಂದರೆ ಇದೇ ಬಿಳಿ ಮಚ್ಚೆಗೆ, ಚಿಕಿತ್ಸೆ ಮಾಡಿದರು. ಆದರೆ ಅಂಗಡಿಯ ಎಣ್ಣೆಯಲ್ಲಿ ಆ ಸತ್ವ ಎಷ್ಟಿದೆ ಎಂದು ಅಳೆದವರು ಯಾರು? ಬಿಸಿಲಿನ ಅಳತೆ ಯಾರ ಕೈಯಲ್ಲಿದೆ? ಸುಟ್ಟಿದ್ದು ಕೂಡಲೇ ಗೊತ್ತಾಗುವುದೂ ಇಲ್ಲ, ಎರಡು ಮೂರು ದಿನ ಬಿಟ್ಟು ಬೊಬ್ಬೆ ಏಳುತ್ತದೆ. ಮಚ್ಚೆ ಹಬ್ಬುತ್ತಿರುವ ಕಾಲದಲ್ಲಿ ಗಾಯವಾದ ಜಾಗವೂ ಬೆಳ್ಳಗಾಗಬಹುದು. ಅದಕ್ಕೇ ಹೆದರಿಕೆ.

ಇನ್ನು ಪಥ್ಯದ ಮಾತು. ದೇಹದ ರಕ್ಷಣೆಗಿರುವ ಬಿಳಿ ರಕ್ತಕಣಗಳೇ ದಾರಿ ತಪ್ಪಿ, ಬಣ್ಣ ತಯಾರಿಸುವ ಮೆಲನೋಸೈಟ್ ಕೋಶಗಳನ್ನು ಕೊಲ್ಲುವುದರಿಂದ ಮಚ್ಚೆ ಬರುತ್ತದೆ. ಮೊಸರು ಬೆಳ್ಳಗಿದೆ, ಮಚ್ಚೆಯೂ ಬೆಳ್ಳಗಿದೆ ಎಂಬುದನ್ನು ಬಿಟ್ಟರೆ ಇವೆರಡಕ್ಕೂ ಯಾವ ನಂಟೂ ಇಲ್ಲ. ಬೆಳೆಯುವ ಹುಡುಗಿಗೆ ಎಂಟು ತಿಂಗಳು ಮೊಸರು, ಮೊಟ್ಟೆ ತಪ್ಪಿಸಿದ್ದು ಅನ್ಯಾಯ. ಪ್ರೀತಿಯಿಂದಲೇ ಮಾಡಿದ್ದೀರಿ, ಆದರೂ ಅನ್ಯಾಯವೇ.

ಡಾಕ್ಟರು ಹೇಳಿದ್ದು ನ್ಯಾರೋಬ್ಯಾಂಡ್ ಯುವಿಬಿ ಇರಬೇಕು, 311 ನ್ಯಾನೋಮೀಟರಿನ ಅತಿನೇರಳೆ ಬೆಳಕು. ವಾರಕ್ಕೆ ಎರಡೋ ಮೂರೋ ಸಲ, ಬೆನ್ನುಬೆನ್ನಿಗೆ ಎರಡು ದಿನ ಬೇಡ. ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 200 ಮಿಲಿಜೌಲಿನಿಂದ ಶುರುಮಾಡಿ, ಪ್ರತಿ ಸಲ ಶೇ 10ರಿಂದ 20ರಷ್ಟು ಏರಿಸುತ್ತಾರೆ. ಮಚ್ಚೆ ತಿಳಿಗೆಂಪಾಗಿ 24 ಗಂಟೆಯೊಳಗೆ ಇಳಿದರೆ ಪ್ರಮಾಣ ಸರಿಯಿದೆ ಎಂದರ್ಥ. ಮಾರನೆಯ ದಿನವೂ ಕೆಂಪಿದ್ದರೆ ಏರಿಸಕೂಡದು. ಉರಿ, ಬೊಬ್ಬೆ ಬಂದರೆ ನಿಲ್ಲಿಸಬೇಕು. ಹೆಚ್ಚಿನವರು ಎಡವುವುದು ಎರಡನೇ ತಿಂಗಳಲ್ಲಿ: ಏನೂ ಕಾಣಲಿಲ್ಲವೆಂದು ಬಿಟ್ಟುಬಿಡುತ್ತಾರೆ. ಆರು ತಿಂಗಳಾಗುವವರೆಗೆ ತೀರ್ಪು ಕೊಡಬೇಡಿ. ಮೊದಲು ಮಚ್ಚೆಯ ನಡುವೆ ರಾಗಿ ಕಾಳಿನಂಥ ಕಂದು ಚುಕ್ಕಿಗಳು ಮೂಡುತ್ತವೆ, ಒಂದೊಂದು ರೋಮದ ಬುಡದಲ್ಲಿ ಒಂದೊಂದು. ಆಮೇಲೆ ಅವು ಹರಡಿ ಕೂಡಿಕೊಳ್ಳುತ್ತವೆ. ಮುಖ ಬೇಗ ಒಲಿಯುತ್ತದೆ. ರೋಮವಿಲ್ಲದ ಬೆರಳ ತುದಿ, ತುಟಿ ಬಲು ಹಟಮಾರಿ.

ಕಣ್ಣಂಚಿಗೆ ಸ್ಟೆರಾಯ್ಡ್ ಮುಲಾಮು ಹಚ್ಚಿ ಕೂರಬೇಡಿ. ಅಲ್ಲಿನ ಚರ್ಮ ತೆಳು, ಕಣ್ಣಿನ ಒತ್ತಡವೂ ಏರಬಹುದು. ಅಲ್ಲಿಗೆ ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು ವಾಸಿ, ಡಾಕ್ಟರನ್ನೇ ಕೇಳಿ. ಚೀಟಿ ಇಲ್ಲದೆ ಸ್ಟೆರಾಯ್ಡ್ ಬೆರೆತ ಟ್ಯೂಬನ್ನು ಎತ್ತಿಕೊಡುವ ಔಷಧ ಅಂಗಡಿಗಳ ಮೇಲೆ ನನಗೆ ಹಳೆಯ ಸಿಟ್ಟು. ಸ್ಟಿಕರ್ ಬೊಟ್ಟಿನ ಪೊಟ್ಟಣಗಳ ಮೇಲೂ ಅಷ್ಟೇ. ಅಂಟಿನಲ್ಲಿರುವ ಪ್ಯಾರಾ ಟರ್ಶರಿ ಬ್ಯುಟೈಲ್ ಫೀನಾಲ್ ಬಣ್ಣದ ಕೋಶಗಳಿಗೆ ವಿಷ. ಬೊಟ್ಟಿಟ್ಟ ಜಾಗದಲ್ಲೇ ದುಂಡಗೆ ಬಿಳಿ ಮಚ್ಚೆ ಬಿದ್ದವರಿದ್ದಾರೆ. ರಬ್ಬರ್ ಚಪ್ಪಲಿಯ ಪಟ್ಟಿಯಡಿಯೂ ಹೀಗಾಗುತ್ತದೆ. ಮಗಳಿಗೆ ಸದ್ಯ ಕುಂಕುಮವೇ ಇರಲಿ. ಥೈರಾಯ್ಡ್ ರಕ್ತಪರೀಕ್ಷೆ ಒಮ್ಮೆ ಮಾಡಿಸಿ, ತೊನ್ನೂ ಥೈರಾಯ್ಡ್ ತೊಂದರೆಯೂ ಜೊತೆಗೂಡುವುದುಂಟು.

‘ಸರ್ಪದೋಷವಿರಬಹುದೇ’ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಕುಕ್ಕೆಗೆ ಹೋಗಿ ಬನ್ನಿ, ಬೇಡವೆನ್ನಲಾರೆ. ಆದರೆ ಲೈಟಿನ ದಿನ ತಪ್ಪಿಸಿ ಹೋಗಬೇಡಿ. ಇದನ್ನು ‘ಬಿಳಿ ಕುಷ್ಠ’ ಎನ್ನುವ ನೆಂಟರಿಗೆ ಮಾತ್ರ ಗಟ್ಟಿಯಾಗಿ ಹೇಳಿ: ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂಕಾಗುತ್ತದೆ, ಇಲ್ಲಿ ಹತ್ತಿಯ ಎಳೆ ಸೋಕಿದರೂ ಮಗುವಿಗೆ ತಿಳಿಯುತ್ತದೆ. ಇದು ಅಂಟುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗಿದ್ದರೂ ಇನ್ನೊಬ್ಬರಿಗೆ ಬರುವುದು ನಾಲ್ಕರಲ್ಲೊಂದು ಪಾಲಿಗಿಂತ ಕಡಿಮೆ. ಆದರೂ ಗಂಡಿನ ಮನೆಯವರು ಹುಡುಗಿಯ ತಂಗಿಯನ್ನೂ ತಿರುಗಿಸಿ ನೋಡುತ್ತಾರೆ. ಗಂಡಿನ ತೋಳಿನ ಮಚ್ಚೆ ತುಂಬುತೋಳಿನ ಅಂಗಿಯೊಳಗೆ ಸುಖವಾಗಿರುತ್ತದೆ.

ಒಂದು ಸಂಗತಿ ನಿಮ್ಮ ಪತ್ರದಲ್ಲಿಲ್ಲ. ಮಚ್ಚೆಯ ಮೇಲಿನ ರೋಮ ಇನ್ನೂ ಕಪ್ಪಗಿದೆಯೇ? ಕಪ್ಪಗಿದ್ದರೆ ಬುಡದಲ್ಲಿ ಬಣ್ಣದ ಬೀಜ ಉಳಿದಿದೆ ಎಂದರ್ಥ. ಬೆಳ್ಳಗಾಗಿದ್ದರೆ ದಾರಿ ಕಷ್ಟ. ನಾಳೆ ಬೆಳಗಿನ ಬೆಳಕಿನಲ್ಲಿ ಮಂಡಿಯನ್ನೂ ರೆಪ್ಪೆಗೂದಲನ್ನೂ ನೋಡಿ ಬರೆಯಿರಿ.