ಗಾಯಾಳು ಮರಳಿದಾಗ ಜಾಗ ಬಿಡಬೇಕಾದವರು ಯಾರು? ಚೆನ್ನಾಗಿ ಆಡುತ್ತಿರುವವನನ್ನೂ ಕೆಳಗೆ ಕಳಿಸುವುದೇಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. 2025ರ ಮೇ ತಿಂಗಳ ಆರಂಭದಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಟಾಮಿ ಎಡ್ಮನ್ ಕಾಲಿನ ಹರಡಿನ ನೋವಿನಿಂದ ಹೊರಗೆ ಕುಳಿತರು. ಅವರ ಜಾಗಕ್ಕೆ ಬಂದ ಕೊರಿಯಾದ ಹೇಸಂಗ್ ಕಿಮ್ ಎರಡೇ ವಾರಗಳಲ್ಲಿ ಎಲ್ಲರ ಮೆಚ್ಚುಗೆ ಗಳಿಸಿದರು. ಆದರೂ ಎಡ್ಮನ್ ಮರಳುವ ದಿನ ಹತ್ತಿರವಾದಂತೆ ಕಿಮ್ ಅವರನ್ನೇ ಮೈನರ್ ಲೀಗಿಗೆ (ಕೆಳಹಂತದ ತಂಡಕ್ಕೆ) ಕಳಿಸುತ್ತಾರೆ ಎಂಬ ಮಾತೇ ಹೆಚ್ಚು ಕೇಳಿಬರುತ್ತಿತ್ತು. ಕಡೆಗೆ ಮೇ 18ರಂದು ಹೊರಟವರು, ಸುಮಾರು ಒಂಬತ್ತು ವರ್ಷ ಆ ತಂಡದಲ್ಲಿದ್ದ ಕ್ರಿಸ್ ಟೇಲರ್. ಇದರಲ್ಲಿ ಲೆಕ್ಕ ಯಾವುದು, ಪಕ್ಷಪಾತ ಯಾವುದು ಎಂದು ನೀವು ಕೇಳಿದ್ದೀರಿ.

ನಾನು ಲಾಸ್ ಏಂಜಲೀಸ್ ಸುತ್ತಮುತ್ತ ವಾಸಿಸುವವನು. ನೀವು ಬೆಂಗಳೂರಿನಲ್ಲಿ ಬೆಳಿಗ್ಗೆ ಏಳು ಮುಕ್ಕಾಲಿನ ಹೊತ್ತಿಗೆ ತಿಂಡಿ ತಿನ್ನುತ್ತ ನೋಡುವ ಪಂದ್ಯವನ್ನು ನಾನು ಹಿಂದಿನ ಸಂಜೆ ಕಾರಿನ ರೇಡಿಯೊದಲ್ಲಿ ಕೇಳುತ್ತಿರುತ್ತೇನೆ. ಇಷ್ಟು ವರ್ಷ ಕೇಳಿದ ಮೇಲೆ ನನಗೆ ಅನಿಸಿರುವುದು ಇಷ್ಟು: ಗಾಯಾಳು ವಾಪಸು ಬರುವಾಗ ತಂಡದ ಕಚೇರಿಯವರು ಮೊದಲು ನೋಡುವುದು ಯಾರನ್ನು ಕಳಿಸಿದರೆ ಬೇಕೆಂದಾಗ ಮತ್ತೆ ಕರೆಸಿಕೊಳ್ಳಬಹುದು ಎಂಬುದನ್ನು. ಯಾರು ಚೆನ್ನಾಗಿ ಆಡುತ್ತಿದ್ದಾರೆ ಎಂಬುದು ಆಮೇಲಿನ ಮಾತು.

ಕ್ರಿಕೆಟ್ ನೋಡಿ ಬಂದವರಿಗೆ ಇದು ವಿಚಿತ್ರ ಎನಿಸಿದರೆ ಆಶ್ಚರ್ಯವಿಲ್ಲ. ಅದೇ ಮೇ ತಿಂಗಳಲ್ಲಿ ನಮ್ಮ ಆರ್‌ಸಿಬಿಯಲ್ಲಿ ದೇವದತ್ತ ಪಡಿಕ್ಕಲ್ ತೊಡೆಯ ಹಿಂಭಾಗದ ಸ್ನಾಯು ನೋವಿನಿಂದ ಹೊರಬಿದ್ದರು, ಮಯಂಕ್ ಅಗರವಾಲ್ ಒಳಬಂದರು. ಐಪಿಎಲ್‌ನಲ್ಲಿ ಹಾಗೆ ಬದಲಿ ಆಟಗಾರ ಬಂದನೆಂದರೆ ಗಾಯಾಳುವಿಗೆ ಆ ವರ್ಷದ ಬಾಗಿಲು ಮುಚ್ಚಿತು. ಎರಡು ತಿಂಗಳ ಟೂರ್ನಿಗೆ ಅದು ಸಾಕು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ಹೋದವರು ಬರುತ್ತಾರೆ, ಬಂದವರು ಮತ್ತೆ ಬೀಳುತ್ತಾರೆ. ಬಾಗಿಲು ಮುಚ್ಚಿದರೆ ಆಗಸ್ಟ್ ಹೊತ್ತಿಗೆ ಆಡುವವರೇ ಇರುವುದಿಲ್ಲ.

ನಿಯಮಗಳಲ್ಲಿ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಪಂದ್ಯಕ್ಕೆ ಲಭ್ಯರಿರುವವರು 26 ಮಂದಿ, ಸೆಪ್ಟೆಂಬರ್‌ನಲ್ಲಿ 28. ಆ 26ರಲ್ಲಿ ಪಿಚರ್‌ಗಳು, ಅಂದರೆ ಚೆಂಡು ಎಸೆಯುವವರು, 13ಕ್ಕಿಂತ ಹೆಚ್ಚು ಇರುವಂತಿಲ್ಲ. ಈ 26 ಮಂದಿಯೂ ಸೇರಿದ 40 ಮಂದಿಯ ದೊಡ್ಡ ಪಟ್ಟಿ ಇನ್ನೊಂದಿದೆ. ಅದರಲ್ಲಿ ಹೆಸರಿಲ್ಲದವನು ಮೇಜರ್ ಲೀಗ್ ಪಂದ್ಯ ಆಡುವಂತಿಲ್ಲ. ಬ್ಯಾಟರ್ ಗಾಯಗೊಂಡರೆ ಕನಿಷ್ಠ 10 ದಿನ, ಪಿಚರ್ ಆದರೆ 15 ದಿನ ಗಾಯಾಳುಗಳ ಪಟ್ಟಿಯಲ್ಲಿ ಕೂರಬೇಕು. ಆಗ 26ರಲ್ಲಿ ಜಾಗ ತೆರವಾಗುತ್ತದೆ, 40ರಲ್ಲಿ ಆಗುವುದಿಲ್ಲ. 40ರಲ್ಲೂ ಜಾಗ ಬೇಕೆಂದರೆ ಅವನನ್ನು 60 ದಿನಗಳ ಪಟ್ಟಿಗೆ ಸೇರಿಸಬೇಕು. ಇದು ಸಾಲ ತಂದ ಜಾಗ. ಅವನು ವಾಪಸಾಗುವ ದಿನ 40ರಲ್ಲಿ ಮತ್ತೊಬ್ಬರು ಕದಲಲೇಬೇಕು. ಚಳಿಗಾಲದಲ್ಲಂತೂ 60 ದಿನಗಳ ಪಟ್ಟಿ ಎಂಬುದೇ ಇರುವುದಿಲ್ಲ. ವಿಶ್ವ ಸರಣಿ (ಋತುವಿನ ಕೊನೆಯ ಫೈನಲ್) ಮುಗಿದ ಕೆಲವೇ ದಿನಗಳಲ್ಲಿ ಗಾಯಾಳುಗಳೆಲ್ಲ 40ರೊಳಗೆ ಬಂದು ಕೂರುತ್ತಾರೆ.

ಇನ್ನು ‘ಆಪ್ಷನ್’ ಎಂಬುದಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಕೀಲಿ ಇರುವುದು ಇಲ್ಲೇ. 40ರ ಪಟ್ಟಿಗೆ ಸೇರಿದ ಆಟಗಾರನನ್ನು ಸಾಮಾನ್ಯವಾಗಿ ಮೂರು ಋತುಗಳಲ್ಲಿ ತಂಡ ತನಗೆ ಬೇಕಾದಂತೆ ಮೈನರ್ ಲೀಗಿಗೆ ಕಳಿಸಿ ಕರೆಸಿಕೊಳ್ಳಬಹುದು. ಒಂದೇ ಋತುವಿನಲ್ಲಿ ಐದು ಸಲ ಹಾಗೆ ಮಾಡಬಹುದು. ಬೇರೆ ತಂಡದವರು ಆಗ ಅವನನ್ನು ಮುಟ್ಟುವಂತಿಲ್ಲ. ಆದರೆ ಆಪ್ಷನ್ ಮುಗಿದವನನ್ನು ಕಳಿಸಬೇಕೆಂದರೆ ಮೊದಲು 40ರ ಪಟ್ಟಿಯಿಂದಲೇ ತೆಗೆಯಬೇಕು. ಏಳು ದಿನಗಳೊಳಗೆ ಅವನನ್ನು ಬೇರೆ ತಂಡಕ್ಕೆ ಕೊಡಬೇಕು, ಇಲ್ಲವೆ ಬಿಡುಗಡೆ ಮಾಡಬೇಕು, ಇಲ್ಲವೆ ಎಲ್ಲ ತಂಡಗಳ ಮುಂದೆ ಹೆಸರಿಟ್ಟು ಯಾರಿಗಾದರೂ ಬೇಕೇ ಎಂದು ಕೇಳಬೇಕು. ಯಾರೋ ಬೇಕು ಎಂದರೆ ಆಟಗಾರ ಹೋದ, ಈ ತಂಡಕ್ಕೆ ಬದಲಿಗೆ ಆಟಗಾರನೊಬ್ಬನೂ ಸಿಗುವುದಿಲ್ಲ. ಮೇಜರ್ ಲೀಗಿನಲ್ಲಿ ಐದು ವರ್ಷ ಸೇವೆ ಪೂರೈಸಿದವನನ್ನಂತೂ ಅವನ ಒಪ್ಪಿಗೆಯಿಲ್ಲದೆ ಕೆಳಗೆ ಕಳಿಸುವಂತೆಯೇ ಇಲ್ಲ.

ಈಗ ಆ ಮೇ 18ರ ಬೆಳಗನ್ನು ನೋಡಿ. ಕಿಮ್ ಅದೇ ಜನವರಿಯಲ್ಲಿ ಮೂರು ವರ್ಷಕ್ಕೆ ಸಹಿ ಹಾಕಿದ್ದವರು, ಅವರನ್ನು ಕಳಿಸಲು ಆಪ್ಷನ್ ಇತ್ತು. ಋತುವನ್ನು ಒಕ್ಲಹೋಮಾ ಸಿಟಿಯ ಟ್ರಿಪಲ್ ಎ (ಮೈನರ್ ಲೀಗಿನ ಅತಿ ಮೇಲಿನ ಹಂತ) ತಂಡದಲ್ಲೇ ಶುರು ಮಾಡಿದ್ದರು. ವಾಪಸು ಕಳಿಸಿದರೆ ತಂಡ ಕಳೆದುಕೊಳ್ಳುವುದು ಏನೂ ಇಲ್ಲ. ಟೇಲರ್ ಅವರನ್ನು ಕಳಿಸಿದರೆ ಅದು ಶಾಶ್ವತ. ಕಾಗದದ ಮೇಲಿನ ಲೆಕ್ಕದಲ್ಲಿ ಕಿಮ್ ಹೋಗಬೇಕಿತ್ತು. ಎಲ್ಲರೂ ಹಾಗೆ ಊಹಿಸಿದ್ದು ಅದಕ್ಕೇ. ಅದು ಕಿಮ್ ಮೇಲಿನ ತಾತ್ಸಾರವಲ್ಲ; ಮೂವತ್ತು ತಂಡಗಳ ಪೈಕಿ ಹೆಚ್ಚಿನವು ಹಾಗೇ ಮಾಡುತ್ತಿದ್ದವು ಎಂದು ಈಗಲೂ ಅಂದುಕೊಂಡಿದ್ದೇನೆ.

ಡಾಡ್ಜರ್ಸ್ ಯಾಕೆ ಮಾಡಲಿಲ್ಲ? ಕಿಮ್ 31 ಬಾರಿಯಲ್ಲಿ 14 ಹಿಟ್ (ಚೆಂಡು ಹೊಡೆದು ಬೇಸ್ ತಲುಪಿದ್ದು), ಅಂದರೆ .452 ಸರಾಸರಿ ಎಂಬುದನ್ನು ಎಲ್ಲರೂ ಎತ್ತಿ ಹೇಳಿದರು. 31 ಬಾರಿಯ ಬ್ಯಾಟಿಂಗ್ ನೋಡಿ ಯಾವ ಬುದ್ಧಿವಂತ ತಂಡವೂ ತೀರ್ಮಾನಕ್ಕೆ ಬರುವುದಿಲ್ಲ. ನನ್ನ ಪ್ರಕಾರ ಸರಾಸರಿಗಿಂತ ಕಿಮ್ ಅವರ ಕಾಲಿನ ವೇಗ ಹೆಚ್ಚು ತೂಗಿತು. ಸೆಕೆಂಡ್ ಬೇಸ್‌ನಲ್ಲೂ ಸೆಂಟರ್ ಫೀಲ್ಡ್‌ನಲ್ಲೂ ನಿಲ್ಲಬಲ್ಲ, ಎಡಗೈಯಲ್ಲಿ ಬ್ಯಾಟ್ ಮಾಡುವ, ಒಂಬತ್ತನೇ, ಅಂದರೆ ಕೊನೆಯ, ಇನಿಂಗ್ಸಿನಲ್ಲಿ ಓಡಲಿಕ್ಕೆಂದೇ ಇಳಿಸಬಹುದಾದ ಒಬ್ಬರು ಬೆಂಚಿನ ಮೇಲೆ ಕೂತಿದ್ದಾರೆ. ಟೇಲರ್ ಕೂಡ ಎಲ್ಲೆಂದರಲ್ಲಿ ಆಡುವವರೇ, ಆದರೆ ಆ ವೇಳೆಗೆ 34 ವರ್ಷ. ಅವರಂಥದ್ದೇ ಕೆಲಸಕ್ಕೆ ಮಿಗೆಲ್ ರೋಹಾಸ್ ಮತ್ತು ಎನ್ರಿಕೆ ಹರ್ನಾಂಡಿಸ್ ಎಂಬ ಇನ್ನಿಬ್ಬರು ಹಿರಿಯರಿದ್ದರು. ಒಂದೇ ಕೆಲಸಕ್ಕೆ ಮೂವರು. ಎಡ್ಮನ್ ಬಂದರೆ, ಕಿಮ್ ಅವರನ್ನೂ ಸೇರಿಸಿ, ಐವರು.

ಟೇಲರ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 2021ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ವಿರುದ್ಧದ ವೈಲ್ಡ್ ಕಾರ್ಡ್ ಎಂಬ ನಾಕೌಟ್ ಪಂದ್ಯವನ್ನು ಒಂಬತ್ತನೇ ಇನಿಂಗ್ಸಿನ ಹೋಮ್‌ರನ್ನಿಂದ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಮುಗಿಸಿದವರು ಅವರು. ಅದಾದ ಕೆಲವೇ ದಿನಗಳಲ್ಲಿ ಅಟ್ಲಾಂಟಾ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಹೋಮ್‌ರನ್ ಬಾರಿಸಿದರು. ಆ ಡಿಸೆಂಬರ್‌ನಲ್ಲಿ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 6 ಕೋಟಿ ಡಾಲರ್. ಬಿಡುಗಡೆಯಾದಾಗ ಅದರ ಕೊನೆಯ ವರ್ಷ ನಡೆಯುತ್ತಿತ್ತು. ನಾಲ್ಕು ದಿನ ಮೊದಲು, ಮೇ 14ರಂದು, ಕ್ಯಾಚರ್ ಆಸ್ಟಿನ್ ಬಾರ್ನ್ಸ್ ಅವರನ್ನೂ ಪಟ್ಟಿಯಿಂದ ತೆಗೆದು ಡಾಲ್ಟನ್ ರಶಿಂಗ್ ಎಂಬ ಹುಡುಗನನ್ನು ಕರೆಸಿದ್ದರು. 2020ರ ವಿಶ್ವ ಸರಣಿಯ ಕೊನೆಯ ಚೆಂಡನ್ನು ಹಿಡಿದವರು ಬಾರ್ನ್ಸ್. ಒಂದೇ ವಾರದಲ್ಲಿ ಇಬ್ಬರೂ ಹೊರಟಾಗ ಇಲ್ಲಿನ ಅಭಿಮಾನಿಗಳಿಗೆ ಮನೆಯ ಹಿರಿಯರನ್ನು ಕಳಿಸಿಕೊಟ್ಟ ಹಾಗಾಯಿತು. ನನಗೂ ಬೇಸರವಾಯಿತು. ಆದರೆ ನಿರ್ಧಾರ ಸರಿ ಎಂದೇ ಹೇಳುತ್ತೇನೆ. ಒಪ್ಪಂದದ ಹಣ ಆಡಿಸಿದರೂ ಕೊಡಬೇಕು, ಆಡಿಸದಿದ್ದರೂ ಕೊಡಬೇಕು. ‘ಇಷ್ಟು ಕೊಟ್ಟಿದ್ದೇವಲ್ಲ, ಇರಲಿ’ ಎಂದು ಉಳಿಸಿಕೊಂಡರೆ ಹಣವೂ ಹೋಯಿತು, ಜಾಗವೂ ಹೋಯಿತು. ಟೇಲರ್ ಅವರನ್ನು ಆಮೇಲೆ ಕರೆದುಕೊಂಡ ಏಂಜಲ್ಸ್ ತಂಡ ಲೀಗಿನ ಕನಿಷ್ಠ ವೇತನದಲ್ಲಿ ಉಳಿದ ದಿನಗಳ ಪಾಲು ಕೊಟ್ಟರೆ ಸಾಕಿತ್ತು. ಮಿಕ್ಕ ಭಾರವೆಲ್ಲ ಡಾಡ್ಜರ್ಸ್ ತಲೆಗೆ. ಇಷ್ಟು ಸುಲಭವಾಗಿ ಕೈತೊಳೆದುಕೊಳ್ಳಲು ಖಜಾನೆ ತುಂಬಿರಬೇಕು ಎಂಬುದನ್ನೂ ಹೇಳಬೇಕು. ಬಡ ತಂಡವಾಗಿದ್ದರೆ ಕಿಮ್ ಒಕ್ಲಹೋಮಾದ ವಿಮಾನ ಹತ್ತುತ್ತಿದ್ದರು.

ಮಾರನೆಯ ದಿನವೇ ಟಿಯೊಸ್ಕರ್ ಹರ್ನಾಂಡಿಸ್ ತೊಡೆಯ ನೋವಿನಿಂದ ಚೇತರಿಸಿಕೊಂಡು ಬಂದರು. ಆಗ ಹೋದವರು ಜೇಮ್ಸ್ ಔಟ್‌ಮನ್. ಆಪ್ಷನ್ ಇತ್ತು, ಕಳಿಸಿದರು. ಅದು ಸುದ್ದಿಯೂ ಆಗಲಿಲ್ಲ. ನೂರರಲ್ಲಿ ತೊಂಬತ್ತು ಸಲ ನಡೆಯುವುದು ಹೀಗೆಯೇ.

ಬ್ಯಾಟರ್‌ಗಳ ವಿಷಯ ಸುಲಭ. ನಿಜವಾದ ತಲೆನೋವು ಪಿಚರ್‌ಗಳದು. ಬ್ಯಾಟರ್ ಮೈನರ್ ಲೀಗಿನಲ್ಲಿ ನಾಲ್ಕಾರು ಪಂದ್ಯ ಆಡಿ ಕಣ್ಣು ಕೈ ಸರಿಮಾಡಿಕೊಂಡು ಬಂದುಬಿಡುತ್ತಾನೆ. ಆರಂಭಿಕ ಪಿಚರ್ ಹಾಗಲ್ಲ. ಒಂದು ಪಂದ್ಯದಲ್ಲಿ ಮೂವತ್ತು ನಲವತ್ತು ಚೆಂಡು, ಐದಾರು ದಿನ ಬಿಟ್ಟು ಇನ್ನು ಹದಿನೈದು ಹೆಚ್ಚು, ಹೀಗೆ ಮೆಟ್ಟಿಲು ಹತ್ತಬೇಕು. ಈ ಅಭ್ಯಾಸಕ್ಕೆ ನಿಯಮದ ಪ್ರಕಾರ ಪಿಚರ್‌ಗೆ 30 ದಿನ, ಬ್ಯಾಟರ್‌ಗೆ 20 ದಿನ ಗಡುವು. ಗಡುವು ಮುಗಿದರೆ ತಂಡ ಯಾವುದಾದರೊಂದು ನಿರ್ಧಾರ ಮಾಡಲೇಬೇಕು. ಹೀಗಾಗಿ ಜಾಗವಿಲ್ಲದಾಗ ತಂಡಗಳು ಆ ಗಡುವನ್ನು ಪೂರ್ತಿ ಎಳೆಯುತ್ತವೆ. ‘ಇನ್ನೊಂದು ಪಂದ್ಯ ಆಡಲಿ, ಲಯ ಬರಲಿ’ ಎಂದು ಮ್ಯಾನೇಜರ್ ಹೇಳಿದರೆ ಅರ್ಧ ವೈದ್ಯಕೀಯ, ಅರ್ಧ ರಾಜಕೀಯ ಎಂದು ತಿಳಿಯಿರಿ. ಅಷ್ಟರಲ್ಲಿ ಇನ್ನೊಬ್ಬನಿಗೆ ಗಾಯವಾಗಿ ಸಮಸ್ಯೆ ತಾನಾಗಿ ಕರಗುವುದೂ ಉಂಟು.

ಇಷ್ಟಾದರೂ ಮರಳಿದ ಪಿಚರ್ ಪೂರ್ತಿ ಪಿಚರ್ ಅಲ್ಲ. ಅವನು ನಾಲ್ಕು ಇನಿಂಗ್ಸ್ ಎಸೆದು ಸುಸ್ತಾದರೆ ಉಳಿದ ಐದನ್ನು ಬೇರೆಯವರು ಎಸೆಯಬೇಕು. ಆದ್ದರಿಂದ ಅವನು ಬರುವ ದಿನ ಜಾಗ ಬಿಡುವವನು ಎರಡು ಮೂರು ಇನಿಂಗ್ಸ್ ಎಸೆಯಬಲ್ಲ ರಿಲೀವರ್ (ಆರಂಭಿಕ ಪಿಚರ್ ನಂತರ ಎಸೆಯುವವನು) ಆಗಿದ್ದರೆ ಎರಡು ಕಡೆಯಿಂದಲೂ ಏಟು. ಡಾಡ್ಜರ್ಸ್ ಪಿಚರ್ ಕ್ಲೇಟನ್ ಕರ್ಶಾ ಕಾಲು ಮತ್ತು ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿ 60 ದಿನಗಳ ಪಟ್ಟಿಯಿಂದ ಮೇ 17ರಂದು ಮರಳಿದಾಗ ನಾಲ್ಕೇ ಇನಿಂಗ್ಸ್ ನಡೆಯಿತು, ಐದು ರನ್ ಹೋಯಿತು. ಆ ಒಂದು ಸಂಜೆಯನ್ನು ನೋಡಿ ತೀರ್ಪು ಕೊಟ್ಟಿದ್ದರೆ ಜುಲೈ 2ರಂದು ಅವರ ಮೂರು ಸಾವಿರನೇ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿನಿಂದ ಬ್ಯಾಟರ್ ಔಟ್ ಆಗುವುದು) ಬೇರೆ ಕಡೆ ನೋಡಬೇಕಾಗುತ್ತಿತ್ತು. ಭುಜದ ನೋವಿಗೆ ಸಿಕ್ಕಿದ ರೋಕಿ ಸಸಾಕಿ ಅವರ ಕಥೆ ಇನ್ನೂ ಬೇರೆ: ಆರಂಭಿಕ ಪಿಚರ್ ಆಗಿ ಹೋದವರು ಸೆಪ್ಟೆಂಬರ್ ಕೊನೆಗೆ ರಿಲೀವರ್ ಆಗಿ ಬಂದರು, ಅಕ್ಟೋಬರ್‌ನಲ್ಲಿ ಪಂದ್ಯದ ಕೊನೆಯ ಇನಿಂಗ್ಸ್ ಎಸೆಯುವ ಹೊಣೆ ಅವರಿಗೇ ಬಂತು. ಹಳೆಯ ಜಾಗ ಖಾಲಿಯಿಲ್ಲದಿದ್ದರೆ ಹೊಸ ಜಾಗ ಮಾಡಿಕೊಡುವುದೂ ಒಂದು ದಾರಿ.

ಪಿಚಿಂಗ್, ಬ್ಯಾಟಿಂಗ್ ಎರಡನ್ನೂ ಮಾಡುವ ಡಾಡ್ಜರ್ಸ್‌ನ ಶೋಹೆ ಓಟಾನಿ ಅವರದು ನಿಯಮದ ಪುಸ್ತಕ ಬರೆದವರನ್ನೂ ನಗಿಸುವ ಪ್ರಸಂಗ. ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ಅವರು ಪಿಚಿಂಗ್‌ಗೆ ಮರಳಬೇಕಿತ್ತು, ಆದರೆ ಬ್ಯಾಟರ್ ಆಗಿ ದಿನವೂ ಆಡುತ್ತಿದ್ದರು. ಮೈನರ್ ಲೀಗಿಗೆ ಅಭ್ಯಾಸಕ್ಕೆ ಕಳಿಸುವುದಾದರೆ ಅವರ ಬ್ಯಾಟ್ ಬಿಟ್ಟುಕೊಡಬೇಕು. ಕಳಿಸಲಿಲ್ಲ. ಪಂದ್ಯಕ್ಕೆ ಮುಂಚೆ ಸಹ ಆಟಗಾರರಿಗೇ ಎಸೆದು ತಯಾರಾಗಿ, ಜೂನ್ 16ರಂದು ಸ್ಯಾನ್ ಡಿಯೇಗೊ ವಿರುದ್ಧ ಒಂದು ಇನಿಂಗ್ಸ್ ಎಸೆದರು. ಎರಡೂ ಕೆಲಸ ಮಾಡುವವರೆಂಬ ವರ್ಗದಲ್ಲಿರುವುದರಿಂದ 13 ಪಿಚರ್‌ಗಳ ಲೆಕ್ಕಕ್ಕೂ ಸೇರುವುದಿಲ್ಲ. ಒಬ್ಬರನ್ನೂ ಕದಲಿಸದೆ ತಂಡಕ್ಕೆ ಒಬ್ಬ ಪಿಚರ್ ಸಿಕ್ಕಿದ!

‘ಗಾಯಗೊಂಡವನ ಕೆಲಸ ಕಿತ್ತುಕೊಳ್ಳಬಾರದು ಎಂಬ ಧರ್ಮ ಇಲ್ಲವೇ?’ ಎಂದೂ ಕೇಳಿದ್ದೀರಿ. ಬಾಯಿಮಾತಿನಲ್ಲಿ ಇದೆ. ನಿಯಮದಲ್ಲಿ ಇರುವುದು ಇಷ್ಟೇ: ಗಾಯಾಳುಗಳ ಪಟ್ಟಿಯಲ್ಲಿರುವಾಗ ಸಂಬಳವೂ ಸೇವಾವಧಿಯೂ ನಿಲ್ಲುವುದಿಲ್ಲ. ಜಾಗದ ಖಾತರಿ ಯಾರಿಗೂ ಇಲ್ಲ. 1925ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ವಾಲಿ ಪಿಪ್ ತಲೆನೋವೆಂದು ಒಂದು ದಿನ ಕೂತರು, ಬದಲಿಗೆ ಇಳಿದ ಲೂ ಗೆರಿಗ್ 1939ರವರೆಗೆ ಒಂದೂ ಬಿಡದೆ 2,130 ಪಂದ್ಯ ಆಡಿದರು ಎಂಬ ಕಥೆಯನ್ನು ಇಲ್ಲಿ ಶಾಲಾ ಮಕ್ಕಳಿಗೂ ಹೇಳುತ್ತಾರೆ. ತಲೆನೋವಿನ ಭಾಗ ಆಮೇಲೆ ಕಟ್ಟಿದ್ದಿರಬೇಕು; ಪಿಪ್ ಆಗ ಲಯ ಕಳೆದುಕೊಂಡಿದ್ದರು, ತಂಡವೂ ಸೋಲುತ್ತಿತ್ತು. 2,130 ಮಾತ್ರ ನಿಜ.

ಎಡ್ಮನ್–ಕಿಮ್ ಲೆಕ್ಕ ಮೇ ತಿಂಗಳಿಗೇ ಮುಗಿಯಲೂ ಇಲ್ಲ. ಜುಲೈ ಕೊನೆಗೆ ಕಿಮ್ ಭುಜದ ನೋವಿನಿಂದ ಬಿದ್ದರು. ಆಗಸ್ಟ್ ಆರಂಭದಲ್ಲಿ ಎಡ್ಮನ್ ಅವರ ಅದೇ ಹರಡು ಮತ್ತೆ ಕೈಕೊಟ್ಟಿತು. ಮೇ ತಿಂಗಳಲ್ಲಿ ಐವರಿದ್ದರು ಎಂದೆನಲ್ಲ, ಆ ಹೊತ್ತಿಗೆ ಎನ್ರಿಕೆ ಹರ್ನಾಂಡಿಸ್ ಕೂಡ ಮೊಣಕೈ ನೋವಿನಿಂದ ಹೊರಗಿದ್ದರು. ಉಳಿದವರು ರೋಹಾಸ್ ಒಬ್ಬರೇ. ಟೇಲರ್ ಅವರನ್ನು ಬಿಟ್ಟದ್ದು ತಪ್ಪಾಯಿತೇನೋ ಎಂಬ ಮಾತು ಆಗ ಎದ್ದದ್ದು ಸಹಜ. ನಾನು ಒಪ್ಪಲಿಲ್ಲ, ಆದರೆ ಆಪ್ಷನ್ ಇರುವವನನ್ನು ಕಳಿಸಿ ಎಲ್ಲರನ್ನೂ ಉಳಿಸಿಕೊಳ್ಳುವ ಹಳೆಯ ಜಿಪುಣತನಕ್ಕೂ ಕಾರಣವಿದೆ ಎಂಬುದು ಅಂಥ ವಾರಗಳಲ್ಲಿ ಗೊತ್ತಾಗುತ್ತದೆ. ಸೆಪ್ಟೆಂಬರ್ 1ಕ್ಕೆ ಪಟ್ಟಿ 28ಕ್ಕೆ ಏರಿದಾಗ ಕಿಮ್ ಮರಳಿದರು, ಅವರಿಗಾಗಿ ಯಾರೂ ಏಳಬೇಕಾಗಲಿಲ್ಲ. ನವೆಂಬರ್ 1ರಂದು ಟೊರಾಂಟೊದಲ್ಲಿ ವಿಶ್ವ ಸರಣಿಯ ಏಳನೇ ಪಂದ್ಯ ಕೈಜಾರುತ್ತಿದ್ದಾಗ ಒಂಬತ್ತನೇ ಇನಿಂಗ್ಸಿನ ಹೋಮ್‌ರನ್ನಿಂದ ಸಮ ಮಾಡಿದವರು ಆ ರೋಹಾಸ್.

ಮುಂದಿನ ಸಲ ನೀವೇ ಊಹಿಸಬೇಕೆಂದರೆ ಮೇಜರ್ ಲೀಗಿನ ಸ್ಕೋರಿಗಿಂತ ಟ್ರಿಪಲ್ ಎ ತಂಡದ ಸ್ಕೋರ್‌ಕಾರ್ಡ್ ನೋಡಿ. ಗಾಯಾಳು ಬ್ಯಾಟರ್ ಮೊದಲು ಐದು ಇನಿಂಗ್ಸ್ ಆಡಿ ಹೊರಬರುತ್ತಾನೆ, ಆಮೇಲೆ ಏಳು. ಎರಡು ದಿನ ಸತತವಾಗಿ ಒಂಬತ್ತೂ ಇನಿಂಗ್ಸ್ ಫೀಲ್ಡಿಂಗ್ ಮಾಡಿದನೆಂದರೆ ಅವನು ಇನ್ನೆರಡು ಮೂರು ದಿನದಲ್ಲಿ ಬರುತ್ತಾನೆ. ಆಗ 26ರ ಪಟ್ಟಿ ತೆರೆದು ಅವನ ಸ್ಥಾನದಲ್ಲೇ ಆಡುವ, ಆಪ್ಷನ್ ಉಳಿದಿರುವ ಹೆಸರು ಯಾವುದೆಂದು ಹುಡುಕಿ. ಅಂಥ ಹೆಸರು ಒಂದೂ ಸಿಗದಿದ್ದರೆ ಆ ವಾರದ ಸುದ್ದಿಯನ್ನು ತಪ್ಪದೆ ಓದಿ.