ಕುಂಬಳಕಾಯಿಗೆ ನೀರ ಹಾಕಬ್ಯಾಡ್ರಿ

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಾನು ಹುಬ್ಬಳ್ಳಿ ವಿದ್ಯಾನಗರದಾಗ ರೂಮ್ ಮಾಡ್ಕೊಂಡು ಇರ್ತೇನ್ರಿ, ಹಾವೇರಿ ಕಡೆ ನಮ್ಮೂರಿಂದ ಅವ್ವ 4 ಕೆಜಿದು ಒಂದ ಕುಂಬಳಕಾಯಿ ಚೀಲದಾಗ ಹಾಕಿ ಬಸ್ಸಿಗೆ ಕೊಟ್ಟು ಕಳಿಸ್ಯಾಳ. ಕುಕ್ಕರ್‌ನ್ಯಾಗ ಒಂದ ಗ್ಲಾಸ್ ನೀರ ಹಾಕಿ 3 ಸೀಟಿ ಹೊಡಿಸಿದೆ, ಮುಚ್ಚಳ ತಗದ್ರ ಗಂಜಿ ಆಗಿತ್ರಿ. ರೊಟ್ಟಿ ಜೋಡಿ ತಿನ್ನೋವಂಥದ್ದು ಲಗೂನ ಆಗೋದು ಹೇಳ್ರಿ. ರೂಮ್‌ಮೇಟ್ ಜಿಮ್‌ಗೆ ಹೋಗ್ತಾನ, ಎಣ್ಣಿ ಬ್ಯಾಡ ಅಂತಾನ.

ಉತ್ತರ: ಅಯ್ಯ ತಮ್ಮಾ, ಕುಂಬಳಕಾಯಿಯೊಳಗ ನೂರಕ್ಕ 90 ಪಾಲು ನೀರ ಇರ್ತೈತಿ, ಅದಕ್ಕ ಮತ್ತ ಗ್ಲಾಸ್ ನೀರ ಹಾಕಿ ಸೀಟಿ ಹೊಡಿಸಿದ್ರ ಇನ್ನೇನಾಗಬೇಕಪ್ಪ. ಕುಕ್ಕರ್ ಮ್ಯಾಲ ಇಡು, ದಪ್ಪ ತಳದ ಬಾಣಲಿ ತಗಿ.

ಅರ್ಧ ಕೆಜಿಯಷ್ಟು ಹೋಳು ಮಾಡ್ಕೊ, ಹೆಬ್ಬೆರಳಷ್ಟು ದಪ್ಪ ಇರ್ಲಿ, ಸಣ್ಣ ಹೆಚ್ಚಿದ್ರ ಮತ್ತ ಗಂಜೀನ. ಸಿಪ್ಪಿ ಎಳೇದಿದ್ರ ತಗೀಬ್ಯಾಡ, ಹೋಳು ಒಡೀದಂಗ ಹಿಡ್ಕೊಳ್ಳೋದ ಅದು, ಉಗುರು ಊರದಷ್ಟು ಗಟ್ಟಿ ಇದ್ರ ಮಾತ್ರ ಕೆತ್ತಿ ತಗಿ. 2 ಚಮಚ ಎಣ್ಣಿ ಕಾಸಿ ಸಾಸವಿ, ಜೀರಗಿ, ಕರಿಬೇವು, ಜಜ್ಜಿದ 5–6 ಎಸಳು ಬಳ್ಳೊಳ್ಳಿ ಹಾಕು, ಬಳ್ಳೊಳ್ಳಿ ಕೆಂಪಗಾದ ಮ್ಯಾಲ ಹೋಳು ಸುರುವಿ ಜೋರ ಉರಿ ಮ್ಯಾಲ 2 ನಿಮಿಷ ಹೊಳ್ಳ್ಯಾಡಿಸು. ಆಮೇಲೆ ಅರಿಷಿಣ, ಬ್ಯಾಡಗಿ ಖಾರಪುಡಿ (ನಿಮ್ಮ ಜಿಲ್ಲಾದ್ದ, ಬಣ್ಣ ಭಾಳ, ಉರಿ ಕಡಿಮಿ) ಮತ್ತ 2 ಚಮಚ ದಪ್ಪ ಹುಣಸಿರಸ. ಹುಳಿ ಕಡೀಕ ಹಾಕ್ಬೇಕು ಅಂತ ಭಾಳ ಮಂದಿ ಹೇಳ್ತಾರ, ನಾ ಇಲ್ಲಿ ಬೇಕಂತನ ಮೊದ್ಲ ಹಾಕ್ತೇನಿ, ಯಾಕಂದ್ರ ಬ್ಯಾಳಿಗೆ ಹುಣಸಿಹಣ್ಣು ಮೊದ್ಲ ಹಾಕಿದ್ರ ಬೇಯಂಗಿಲ್ಲಲ್ಲ, ಹಂಗ ಹುಳಿ ಇದ್ದಲ್ಲಿ ಕಾಯಿಪಲ್ಯಾನೂ ಲಗೂನ ಮೆತ್ತಗಾಗಂಗಿಲ್ಲ, ಹೋಳು ಹೋಳಾಗೇ ಉಳೀತಾವು. ಸಣ್ಣ ಉರಿ ಇಟ್ಟು 5 ನಿಮಿಷ ತಾಟು ಮುಚ್ಚು, ತನ್ನ ನೀರಾಗ ತಾನ ಬೇಯ್ತೈತಿ. ತಾಟು ತಗದು ಉಪ್ಪು, ಒಂದ ಚಮಚ ಬೆಲ್ಲ ಹಾಕಿ ನೀರ ಆರೂತನಕ ಬಿಡು. ಉಪ್ಪು ಮೊದ್ಲ ಹಾಕಿದ್ರ ಒಮ್ಮೆಲೆ ನೀರ ಬಿಡ್ತೈತಿ, ಅದಕ್ಕ ಕಡೀಕ. ಇಳಸೋ ಮುಂದ 2 ಚಮಚ ಗುರೆಳ್ಳಪುಡಿ. ಶೇಂಗಾಪುಡಿನೂ ನಡೀತೈತಿ, ಆದ್ರ ಗುರೆಳ್ಳಿನ ಆ ಸಣ್ಣ ಒಗರು ಕುಂಬಳಕಾಯಿ ಸಿಹಿಗೆ ಬೇಕ ಬೇಕು, ಎಳ್ಳ ಅಮಾಸಿಗೆ ಹೊಲದಾಗ ಕುಂತು ಸಜ್ಜಿ ರೊಟ್ಟಿ ಜೋಡಿ ಉಂಡವ್ರಿಗೆ ನಾ ಹೇಳಬೇಕಾಗಿಲ್ಲ.

ನಿನ್ನ ಜಿಮ್ ಗೆಳೆಯಾಗ ಹೇಳು, ಕುಂಬಳಕಾಯಿ ಕೇಸರಿ ಬಣ್ಣ ಅಂದ್ರ ಕ್ಯಾರೋಟಿನ್, ಅದು ಮೈಗೆ ಹತ್ತಬೇಕಂದ್ರ ಎಣ್ಣಿ ಬೇಕ. 2 ಚಮಚ ಎಣ್ಣಿಗೆ ಯಾರೂ ದಪ್ಪ ಆಗಂಗಿಲ್ಲ. ಉಳಿದ ಕಾಯಿದು ಬೀಜ, ನಾರು ಎಲ್ಲಾ ತಗದ ಫ್ರಿಜ್‌ನ್ಯಾಗ ಇಡು, ಮೊದ್ಲ ಕೊಳಿಯೋದ ಆ ನಾರು, 4 ದಿನ ಬರ್ತೈತಿ. ಆದ್ರೂ 4 ಕೆಜಿ ಇಬ್ಬರಿಗೆ ಮುಗಿಯಂಗಿಲ್ಲ, ಬಾಜೂ ಮನಿಗೆ ಒಂದ ಹೋಳು ಕೊಟ್ಟು ಬಾ. ಮುಂದಿನ ಸಲ ಅವ್ವಗ ತೊಟ್ಟು ಇಟ್ಟು ಕಳಿಸು ಅನ್ನು, ತೊಟ್ಟಿದ್ದ ಇಡೀ ಕಾಯಿ ಗಾಳಿ ಆಡೋ ಕಡೆ ಇಟ್ರ 2 ತಿಂಗಳ ಏನೂ ಆಗಂಗಿಲ್ಲ.

ಪ್ರಶ್ನೆ: ಧಾರವಾಡದಾಗ ಸೂಪರ್ ಮಾರ್ಕೆಟ್‌ನ್ಯಾಗ ಬಟರ್‌ನಟ್ ಅಂತ ಸೋರಿಕಾಯಿ ಆಕಾರದ್ದೊಂದು ಬಂದೈತ್ರಿ, ಅದ್ರ ಪಲ್ಯಾ ಆಗ್ತದೇನ್ರಿ? ಬೂದಗುಂಬಳದಲೆ ಹಿಂಗ ಮಾಡಬಹುದಾ?

ಉತ್ತರ: ಬಟರ್‌ನಟ್ ನಮ್ಮ ಕುಂಬಳಕಾಯಿ ಬಳಗದ್ದ ರೀ, ಇದ ರೀತಿ ಮಾಡ್ರಿ, ಬೆಲ್ಲ ಅರ್ಧ ಸಾಕು, ಅದು ಮೊದ್ಲ ಸಿಹಿ. ರೊಕ್ಕ ಮಾತ್ರ ಜಾಸ್ತಿ, ಜನತಾ ಬಜಾರ್‌ದಾಗಿನ ಒಂದ ಹೋಳು ಕುಂಬಳಕಾಯಿ ನನಗ ಸಾಕು. ಬೂದಗುಂಬಳ ಬ್ಯಾರೇನ ಜಾತಿ, ಅದಕ್ಕ ಸಾರು, ಮಜ್ಜಿಗಿ ಹುಳಿ ಚೊಲೊ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಆ ಕಳ್ಳ ಹೊತ್ತಿದ್ದು ಬೂದಗುಂಬಳ ಇರಬೇಕು, ಬೂದಿ ಹತ್ತೋದು ಅದರದ್ದ!

ಪ್ರಶ್ನೆ: ಪಲ್ಯಾ ಕಹಿ ಆತ್ರಿ, ಬೆಲ್ಲ ಹೆಚ್ಚಿಗಿ ಹಾಕಿದ್ರ ಸರಿ ಹೋಗ್ತದೇನ್ರಿ? (ಗದಗ)

ಉತ್ತರ: ಬ್ಯಾಡ್ರಿ, ಚೆಲ್ಲಿಬಿಡ್ರಿ. ಕುಂಬಳಕಾಯಿ ಕಹಿ ಇದ್ರ ಅದು ವಿಷದ ಕಹಿ, ಬೇಯಿಸಿದ್ರೂ ಹೋಗಂಗಿಲ್ಲ, ವಾಂತಿ ಭೇದಿ ಆಗ್ತೈತಿ. ಹೋಳು ಹೆಚ್ಚೋ ಮುಂದ ಒಂದ ಚೂರು ನಾಲಿಗಿಗೆ ಹಚ್ಚಿ ನೋಡಿ ಉಗುಳೋದು ರೂಢಿ ಮಾಡ್ಕೊರ್ರಿ.

ಪ್ರಶ್ನೆ: ಕುಂಬಳಕಾಯಿ ಗಾರಿಗಿ ಎಣ್ಣಿ ಕುಡದು ಒಡದು ಹೋಗ್ತಾವ್ರಿ. (ರಾಣೆಬೆನ್ನೂರು)

ಉತ್ತರ: ಬೆಲ್ಲ ಹೆಚ್ಚಾಗೇತಿ, ಇಲ್ಲಾ ಹಿಟ್ಟು ಸಡಲ ಆಗೇತಿ. ತುರಿ, ಬೆಲ್ಲ ಕೂಡಿಸಿ ಒಲಿ ಮ್ಯಾಲ ಇಟ್ರ ಅದ ಪಾಕದಂಗ ನೀರ ಬಿಡ್ತೈತಿ, ಪೂರ್ತಿ ಆರಿದ ಮ್ಯಾಲ ಆ ನೀರಿಗೆ ಎಷ್ಟು ಗೋದಿಹಿಟ್ಟು ಹಿಡೀತದೋ ಅಷ್ಟ ಹಾಕಿ ಗಟ್ಟಿ ನಾದ್ರಿ. ಮ್ಯಾಲಿಂದ ಒಂದ ಹನಿ ನೀರೂ ಹಾಕಬ್ಯಾಡ್ರಿ.