ಸ್ವಭಾವಕ್ಕೂ ದುಡ್ಡು ಉಳಿಸುದಕ್ಕೂ ಸಂಬಂಧ ಉಂಟಾ?

ಖಂಡಿತ ಉಂಟು ಮಾರಾಯ್ರೆ. ಸೈಕಾಲಜಿಯವ್ರು ಸ್ವಭಾವವನ್ನು ಐದು ಗುಣಗಳಲ್ಲಿ ನೋಡ್ತಾರೆ, ಅದ್ರಲ್ಲಿ ಶಿಸ್ತು ಜಾಸ್ತಿ ಇರುವವ್ರು ಸಾಮಾನ್ಯವಾಗಿ ಹೆಚ್ಚು ಉಳಿಸ್ತಾರೆ. ನಮ್ಮನೆಯಲ್ಲೇ ಅಕ್ಕ ಮಾರ್ಕೆಟಿಂದ ಬಂದ ಕೂಡ್ಲೇ ಬಂಗುಡೆಗೆ ಎಷ್ಟಾಯ್ತು ಅಂತ ಕ್ಯಾಲೆಂಡರಲ್ಲಿ ಬರೀತಾಳೆ, ನಂಗೆ ಫ್ರೆಂಡ್ಸ್ ಸಿಕ್ಕಿದ್ರೆ ಗಡ್‌ಬಡ್ ಐಸ್‌ಕ್ರೀಮಿನ ಬಿಲ್ಲು ನಾನೇ ಕೊಡ್ಬೇಕು ಅನಿಸ್ತದೆ, 20ನೇ ತಾರೀಕಿಗೆ ಅಕೌಂಟ್ ಖಾಲಿ. ಆದ್ರೆ ಸ್ವಭಾವ ಬದ್ಲಾಗ್ಲಿ ಅಂತ ಕಾಯ್ಬೇಡಿ, ದುಡ್ಡು ಹೋಗುವ ದಾರಿ ಬದ್ಲಿಸಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನವ್ರು 1928ರಲ್ಲೇ ಪಿಗ್ಮಿ ಶುರು ಮಾಡಿದ್ರಲ್ವಾ, ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ 2 ಆಣೆಯಾದ್ರೂ ತಗೊಂಡು ಹೋಗುದು, ಅದು ನನ್ನಂಥವ್ರಿಗೆ ಹೇಳಿ ಮಾಡಿಸಿದ್ದು. ನಾನೀಗ ಸಂಬಳ ಬಂದ ಮರುದಿನವೇ ಆರ್‌ಡಿಗೆ, ಅಂದ್ರೆ ಬ್ಯಾಂಕಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ದುಡ್ಡು ಕಟ್ ಆಗುವ ಹಾಗೆ ಇಟ್ಟಿದ್ದೇನೆ, ಉಳಿದದ್ರಲ್ಲಿ ಧೈರ್ಯವಾಗಿ ಗಡ್‌ಬಡ್ ತಿನ್ನಬಹುದು.